ನಾಮಫಲಕಕ್ಕಿಂತ ಮೊದಲು ಸಂಘ: ಒಂದು ಚೀಸ್ ಹಾದಿಯ ಚರಿತ್ರೆ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಬೆಳ್ಳಿಹಬ್ಬದ ಹೊತ್ತಿನಲ್ಲಿ ಸದಸ್ಯ ಬಂಧುಗಳು ಆಗಾಗ ಕೇಳುವ ಒಂದು ಮಾತಿದೆ. "ಊರಿಗೆ ನಾಲ್ಕು ಜನ ಪ್ರವಾಸಿಗರು ಬಂದರೆ ನಮ್ಮ ಹಾಲಿಗೆ, ಬೆಲ್ಲಕ್ಕೆ ಒಳ್ಳೇ ಬೆಲೆ ಸಿಗೋದಿಲ್ಲವೇ? ಮುಖ್ಯರಸ್ತೆಯಲ್ಲಿ ಒಂದು ಬೋರ್ಡು ಹಾಕಿಸಿಬಿಟ್ಟರೆ ಸಾಲದೇ?" ಇದಕ್ಕೆ ಉತ್ತರ ಹುಡುಕುತ್ತಾ ಹೊರಟ ನಮಗೆ ದೂರದ ಯುರೋಪಿನ ಒಂದು ಹೈನುಗಾರರ ಸೀಮೆಯ ಚರಿತ್ರೆ ನಮ್ಮದೇ ಕಥೆಯಂತೆ ಕಂಡಿತು. ಅದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಆಸ್ಟ್ರಿಯಾ ದೇಶದ ಪಶ್ಚಿಮದ ತುದಿಯಲ್ಲಿ ಫೋರಾರ್ಲ್‌ಬೆರ್ಗ್ ಎಂಬ ಸಣ್ಣ ಪ್ರಾಂತ್ಯವಿದೆ. ಅಲ್ಲಿನ ಬ್ರೆಗೆನ್ಸರ್‌ವಾಲ್ಡ್ ಎಂಬುದು ಬೆಟ್ಟದ ಸೀಮೆ. ಉಳುವ ಭೂಮಿ ಕಡಿಮೆ, ಹುಲ್ಲುಗಾವಲು ಹೆಚ್ಚು. ಚಳಿಗಾಲ ಕಳೆದ ಮೇಲೆ ದನಗಳು ಕಣಿವೆಯ ಕೊಟ್ಟಿಗೆ ಬಿಟ್ಟು ನಡುಬೆಟ್ಟಕ್ಕೆ, ಬೇಸಿಗೆಯಲ್ಲಿ ಇನ್ನೂ ಮೇಲಕ್ಕೆ ಹೋಗಿ, ಸೆಪ್ಟೆಂಬರ್ ಹೊತ್ತಿಗೆ ಮನೆಗೆ ಮರಳುತ್ತವೆ. ಈ ಮೂರು ಹಂತದ ಬೇಸಾಯ ಪದ್ಧತಿ 2011ರಲ್ಲಿ ಆಸ್ಟ್ರಿಯಾದ ಯುನೆಸ್ಕೋ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು. ಬೆಟ್ಟದ ಮೇಲೆ ಕರೆದ ಹಾಲನ್ನು ದಿನವೂ ಪೇಟೆಗೆ ಹೊತ್ತು ತರುವುದು ಆಗದ ಮಾತು. ಚೀಸ್ ಮಾಡಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. 1 ಕಿಲೋ ಗಟ್ಟಿ ಚೀಸಿಗೆ ಸುಮಾರು 10 ಲೀಟರ್ ಹಾಲು ಬೇಕು.

ಹಾಲು ರೈತನದು, ದುಡಿಮೆ ರೈತನದು, ಆದರೆ ಬೆಲೆ ಕಟ್ಟುವವರು ಬೇರೆ. 19ನೇ ಶತಮಾನದಲ್ಲಿ ಅಲ್ಲಿನ ಚೀಸ್ ವ್ಯಾಪಾರವೆಲ್ಲ ಕೆಲವೇ ದೊಡ್ಡ ವರ್ತಕರ ಕೈಯಲ್ಲಿತ್ತು. ಅವರನ್ನು ಜನ 'ಚೀಸ್ ದೊರೆಗಳು' ಎಂದೇ ಕರೆಯುತ್ತಿದ್ದರು. ರೈತರು ಅವರನ್ನು ಬಿಟ್ಟು ಬೇರೆಯವರಿಗೆ ಮಾರುವ ಹಾಗಿರಲಿಲ್ಲ. ಸಾಹುಕಾರ ಹೇಳಿದ್ದೇ ರೇಟು ಎಂಬ ಕಾಲವನ್ನು ನಮ್ಮ ಹಿರಿಯರೂ ಕಂಡವರೇ.

ಆ ದೊರೆಗಳಿಗೆ ಎದುರು ನಿಂತವನು ಶೊಪರ್ನೌ ಎಂಬ ಹಳ್ಳಿಯ ರೈತ, ಫ್ರಾನ್ಸ್ ಮಿಖಾಯೆಲ್ ಫೆಲ್ಡರ್. ಹುಟ್ಟಿದ್ದು 1839ರಲ್ಲಿ. ಚಿಕ್ಕಂದಿನಲ್ಲೇ ಒಂದು ಕಣ್ಣು ಹೋಯಿತು. ದನ ನೋಡಿಕೊಳ್ಳುತ್ತಲೇ ಓದಿ ಬರೆದು ಕಾದಂಬರಿಕಾರನಾದ. ಬರೆದದ್ದಷ್ಟೇ ಅಲ್ಲ, 1860ರ ದಶಕದಲ್ಲಿ ಊರಿನ ರೈತರನ್ನು ಒಟ್ಟುಗೂಡಿಸಿ ಚೀಸ್ ಮಾರಾಟದ ಸಂಘ, ದನಗಳ ವಿಮೆಯ ಸಂಘ ಎರಡನ್ನೂ ಕಟ್ಟಿದ. ಊರಿನ ಪಾದ್ರಿಯೂ ಅವನಿಗೆ ವಿರೋಧವಾದರು. 1867ರಲ್ಲಿ ಹೆಂಡತಿಯೊಡನೆ ಕೆಲಕಾಲ ಊರನ್ನೇ ಬಿಟ್ಟು ಹೋಗಬೇಕಾಯಿತು. ಮರುವರ್ಷ ಹೆಂಡತಿ ತೀರಿಕೊಂಡಳು. 1869ರ ಏಪ್ರಿಲ್‌ನಲ್ಲಿ, ಮೂವತ್ತೂ ತುಂಬುವ ಮೊದಲೇ, ಅವನೂ ಹೋದ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಇದಾಗಿ ಸುಮಾರು ನಾಲ್ಕು ದಶಕಗಳ ನಂತರ. ದೇಶ ಬೇರೆ, ಭಾಷೆ ಬೇರೆ. ರೈತನ ಕಷ್ಟ ಒಂದೇ.

ಫೆಲ್ಡರ್ ಹೋದರೂ ಕೂಡಿ ಮಾಡುವ ರೂಢಿ ಆ ಸೀಮೆಯಲ್ಲಿ ಬೇರೂರಿತು. ಹಳ್ಳಿಯ ಡೇರಿಗಳು ರೈತರ ಸಂಘಗಳಾಗಿ ನಡೆದವು. 1995ರ ಜನವರಿ 1ರಂದು ಆಸ್ಟ್ರಿಯಾ ಯುರೋಪಿಯನ್ ಒಕ್ಕೂಟಕ್ಕೆ ಸೇರಿದಾಗ ಹೊಸ ಕಂಟಕ ಬಂತು. ಮಾರುಕಟ್ಟೆ ತೆರೆದುಕೊಂಡು ಹಾಲಿನ ದರ ಕುಸಿಯಿತು. ಬಯಲುಸೀಮೆಯ ದೊಡ್ಡ ಡೇರಿಗಳ ಮುಂದೆ ಹತ್ತಿಪ್ಪತ್ತು ಹಸುವಿನ ಬೆಟ್ಟದ ರೈತ ಹೇಗೆ ನಿಲ್ಲಬೇಕು? ಪ್ರಮಾಣದಲ್ಲಿ ಗೆಲ್ಲಲಾಗದು, ಹೆಸರಿನಲ್ಲಿ ಗೆಲ್ಲಬಹುದು ಎಂದು ಅವರು ತೀರ್ಮಾನಿಸಿದರು. 1997ರಲ್ಲಿ ಫೋರಾರ್ಲ್‌ಬೆರ್ಗಿನ ಬೆಟ್ಟದ ಚೀಸಿಗೆ ಹುಟ್ಟೂರಿನ ಹೆಸರಿನ ಕಾನೂನು ರಕ್ಷಣೆ ಸಿಕ್ಕಿತು. 1998ರಲ್ಲಿ 'ಬ್ರೆಗೆನ್ಸರ್‌ವಾಲ್ಡ್ ಚೀಸ್ ರಸ್ತೆ' ಹುಟ್ಟಿತು.

ರಸ್ತೆ ಅಂದರೆ ಹೊಸದಾಗಿ ಡಾಂಬರು ಹಾಕಿದ್ದೇನಲ್ಲ. ಅದೊಂದು ಸಂಘ. ರೈತರು, ಡೇರಿಗಳು, ಬೆಟ್ಟದ ಮೇಲಿನ ಚೀಸ್ ಮನೆಗಳು, ಹೋಟೆಲಿನವರು, ಅಂಗಡಿಯವರು, ಕುಶಲಕರ್ಮಿಗಳು ಎಲ್ಲರೂ ಸದಸ್ಯರು. ಪ್ರವಾಸಿಗ ಚೀಸ್ ಮಾಡುವುದನ್ನು ಕಣ್ಣಾರೆ ನೋಡುತ್ತಾನೆ, ಅಲ್ಲೇ ಕೊಳ್ಳುತ್ತಾನೆ. ಸದಸ್ಯ ಹೋಟೆಲಿನಲ್ಲಿ ಅದೇ ಚೀಸು, ಹುರಿದ ಈರುಳ್ಳಿ ಹಾಕಿದ ಹಿಟ್ಟಿನ ತಿನಿಸು ಊಟಕ್ಕೆ ಸಿಗುತ್ತದೆ. ಲಿಂಗೆನೌ ಎಂಬ ಊರಿನ ನೆಲಮಾಳಿಗೆಯಲ್ಲಿ ಬೇರೆ ಬೇರೆ ಡೇರಿಗಳ ಸಾವಿರಾರು ಚೀಸ್ ಗಾಲಿಗಳು ಒಟ್ಟಿಗೆ ಮಾಗುತ್ತವೆ. ಅವನ್ನು ಯಂತ್ರವೊಂದು ಉಜ್ಜಿ ಮಗುಚುವುದನ್ನು ಬಂದವರು ಗಾಜಿನಾಚೆಯಿಂದ ನೋಡಬಹುದು. ಚೀಸ್ ತೆಗೆದು ಉಳಿದ ಹಾಲೊಡಕು ಕೂಡ ಚರ್ಮಕ್ಕೆ ಹಚ್ಚುವ ಮುಲಾಮಾಗಿ ಮಾರಾಟವಾಗುತ್ತದೆ.

ಇಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಬೆಟ್ಟದ ಚೀಸಿಗೆ ಹಾಲು ಕೊಡುವ ಹಸುವಿಗೆ ಹಸಿ ಹುಲ್ಲು, ಒಣ ಹುಲ್ಲು ಕೊಡಬಹುದು, ರಸಮೇವು ಮಾತ್ರ ಕೂಡದು. ರಸಮೇವಿನಿಂದ ಒಂದು ಬಗೆಯ ಸೂಕ್ಷ್ಮಾಣು ಹಾಲಿಗೆ ಸೇರಿದರೆ, ತಿಂಗಳುಗಳ ನಂತರ ಮಾಗುವ ಹೊತ್ತಿಗೆ ಚೀಸು ಉಬ್ಬಿ ಬಿರಿಯುತ್ತದೆ. ಒಬ್ಬ ರೈತ ಕದ್ದು ಮೇವು ಬದಲಾಯಿಸಿದರೂ ಇಡೀ ಕೊಪ್ಪರಿಗೆಯ ಹಾಲು, ಅಂದರೆ ಹತ್ತು ಮನೆಯ ಶ್ರಮ, ಹಾಳು. ಬೋರ್ಡಿನ ಬೆಲೆ ನಿಂತಿರುವುದು ಈ ಕಟ್ಟುಪಾಡಿನ ಮೇಲೆ.

ನಮ್ಮ ನಾಡಿಗೂ ಇದು ಹೊಸತಲ್ಲ. ಕೊಡಗಿನ ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಕೃಷಿಕರು ಸಹಕಾರ ಸಂಘ ಕಟ್ಟಿಕೊಂಡರು. ಕೊಡಗಿಗೆ ಹೋದವರು ಜೇನು ತರದೆ ಬರುವುದುಂಟೇ? ಆದರೆ ದಾರಿಬದಿಯಲ್ಲಿ ಯಾರೋ ಸಕ್ಕರೆ ಪಾಕ ಮಾರಿದರೆ ಕೆಡುವುದು ಅಸಲಿ ಜೇನುಗಾರನ ಹೆಸರು.

ಆದ್ದರಿಂದ ಬಂಧುಗಳೇ, ಬೋರ್ಡು ಬೇಡ ಎಂದು ನಾವು ಹೇಳುತ್ತಿಲ್ಲ. ಅದು ಕೊನೆಗೆ ಬರಲಿ. ಫೆಲ್ಡರನ ಸಂಘಕ್ಕೂ ಚೀಸ್ ರಸ್ತೆಯ ಫಲಕಕ್ಕೂ ನಡುವೆ 130 ವರ್ಷ ಕಳೆದಿದೆ. ನಮಗೆ ಅಷ್ಟು ಕಾಲ ಬೇಕಿಲ್ಲ, ಯಾಕಂದರೆ ಸಂಘ ನಮ್ಮಲ್ಲಿ ಆಗಲೇ ಇದೆ. ಯಾರ ಮನೆಯ ಹಾಲು, ಯಾರ ಆಲೆಮನೆಯ ಬೆಲ್ಲ ಎಂಬುದರ ಪಟ್ಟಿಯಾಗಲಿ. ಹಾಲಿಗೆ ನೀರು ಬೆರೆಸುವುದಿಲ್ಲ, ಬೆಲ್ಲಕ್ಕೆ ಬಣ್ಣ ಹಾಕುವುದಿಲ್ಲ ಎಂಬ ಠರಾವು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆಗಲಿ. ಅದನ್ನು ಒಂದು ವರ್ಷ ಪಾಲಿಸಿ ತೋರಿಸಿದ ಮೇಲೆ ಮುಖ್ಯರಸ್ತೆಯಲ್ಲಿ ಗುಂಡಿ ತೋಡಿ ಬೋರ್ಡು ನೆಡೋಣ.