ಮುತ್ತಿನ ವಿಘ್ನವೂ ಮದುವೆಯ ಮನೆಯೂ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಎರಡರ ಕಷ್ಟವೂ ಸಮಾನವೆಂದು ಗಾದೆ ಹೇಳಿದರೂ ಒಂದು ಭೇದವುಂಟು. ಗೋಡೆ ಓರೆಯಾದರೆ ಕೆಡವಿ ಮತ್ತೆ ಕಟ್ಟಬಹುದು. ಮದುವೆಯ ದಿನವಾದರೋ ಕಳೆದರೆ ಮರಳಿ ಬಾರದು. ಆದುದರಿಂದ ಆ ಒಂದು ದಿನದ ವಿಘ್ನಗಳಿಗೆ ಜನರು ಹೇಗೆ ಸಿದ್ಧರಾಗುತ್ತಿದ್ದರೆಂಬುದು ನಮ್ಮ ಸಾಮಾಜಿಕ ಚರಿತ್ರೆಯಲ್ಲಿ ಅಲಕ್ಷಿಸತಕ್ಕ ವಿಷಯವಲ್ಲ.

ಇಂತಹ ವಿಘ್ನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಲೀಲಾವತಿಯದು. 1114ರಲ್ಲಿ ಜನಿಸಿದ ಎರಡನೆಯ ಭಾಸ್ಕರಾಚಾರ್ಯನು ಮಗಳ ವಿವಾಹಕ್ಕೆ ಶುಭಮುಹೂರ್ತವನ್ನು ಗಣಿಸಿ, ಅದನ್ನು ತಿಳಿಯಲು ಘಳಿಗೆ ಬಟ್ಟಲನ್ನು ಇರಿಸಿದನಂತೆ. ಕುತೂಹಲದಿಂದ ಬಾಗಿ ನೋಡಿದ ಹುಡುಗಿಯ ಆಭರಣದ ಮುತ್ತೊಂದು ಉದುರಿ ಬಟ್ಟಲಿನ ರಂಧ್ರವನ್ನು ಮುಚ್ಚಿತಂತೆ. ನೀರು ಏರಲಿಲ್ಲ, ಬಟ್ಟಲು ಮುಳುಗಲಿಲ್ಲ, ಮುಹೂರ್ತವು ಯಾರಿಗೂ ತಿಳಿಯದೆ ಮೀರಿಹೋಯಿತು. ಮಗಳ ಹೆಸರಾದರೂ ಲೋಕದಲ್ಲಿ ಉಳಿಯಲೆಂದು ತಂದೆಯು ತನ್ನ ಗಣಿತಗ್ರಂಥಕ್ಕೆ ‘ಲೀಲಾವತಿ’ ಎಂದು ಹೆಸರಿಟ್ಟನೆನ್ನುತ್ತಾರೆ. 1150ರ ಆ ಗ್ರಂಥದಲ್ಲಿ ಈ ವೃತ್ತಾಂತವಿಲ್ಲ. ಅಕ್ಬರನ ಆಸ್ಥಾನಕವಿ ಫೈಜಿಯು 1587ರಲ್ಲಿ ಮಾಡಿದ ಪಾರಸಿ ಅನುವಾದದ ಪೀಠಿಕೆಯಲ್ಲಿ ಇದು ದೊರೆಯುತ್ತದೆ. ಆದಕಾರಣ ಇದನ್ನು ಚರಿತ್ರೆಯೆಂದು ಒಪ್ಪಲಾಗದು. ಆದರೆ ಕಥೆಯೊಳಗಿನ ಭಯವು ಮಾತ್ರ ಮದುವೆ ಮಾಡಿದವರೆಲ್ಲರೂ ಬಲ್ಲ ಭಯವೇ ಆಗಿದೆ.

ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಪಾತ್ರೆಯಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಹಿಡಿಯುವ ಕಾಲವೇ ಒಂದು ಘಳಿಗೆ, ಎಂದರೆ 24 ನಿಮಿಷ. ಒಂದು ಹಗಲಿರುಳಿಗೆ ಅಂತಹ ಘಳಿಗೆಗಳು 60. ರಂಧ್ರಕ್ಕೆ ಒಂದು ಕಸಕಡ್ಡಿ ಸಿಕ್ಕಿದರೂ ಲೆಕ್ಕ ತಪ್ಪುವುದು. ಇಡೀ ಮದುವೆಯ ಭಾರವನ್ನು ಒಂದೇ ಬಟ್ಟಲಿನ ಮೇಲೆ ಹೊರಿಸಿ, ಅದನ್ನು ಕಾಯಲು ಒಬ್ಬರನ್ನೂ ನಿಲ್ಲಿಸದಿದ್ದುದೇ ಆ ವಿಘ್ನದ ಮೂಲವೆಂದು ನಾವು ತಿಳಿಯುತ್ತೇವೆ.

ನಮ್ಮ ಕಾಸರಗೋಡು ಸೀಮೆಯ ಹಳ್ಳಿಗಳ ಪದ್ಧತಿಯು ಇದಕ್ಕೆ ವಿರುದ್ಧವಾದುದು. ಇಲ್ಲಿ ಭಾರವನ್ನು ಹಂಚಿಬಿಡುತ್ತಿದ್ದರು. ಮಳೆ ಹೊಯ್ಯುವ ಆಟಿ ತಿಂಗಳಿನಲ್ಲಿ ಮದುವೆಯನ್ನೇ ಇಟ್ಟುಕೊಳ್ಳದಿರುವುದು ಮೊದಲನೆಯ ಎಚ್ಚರ. ಚಪ್ಪರಕ್ಕೆ ಬೇಕಾದ ಅಡಿಕೆಮರದ ಕಂಬವೂ ತೆಂಗಿನ ಮಡಲೂ ನೆರೆಯ ತೋಟಗಳಿಂದ ಬರುತ್ತಿದ್ದುವು. ಕೊಪ್ಪರಿಗೆ ಒಬ್ಬರದು, ಬಾಳೆಲೆ ಇನ್ನೊಬ್ಬರದು; ಮುನ್ನಾದಿನ ಇರುಳು ತರಕಾರಿ ಹೆಚ್ಚಲು ಊರಿಗೆ ಊರೇ ಕೂಡುತ್ತಿತ್ತು. ಈ ನೆರವಿಗೆ ‘ಸುದರಿಕೆ’ ಎಂಬ ಸೊಗಸಾದ ಹೆಸರು ನಮ್ಮ ಕಡೆ ಉಂಟು. ದಿಬ್ಬಣದಲ್ಲಿ ಎಣಿಸಿದುದಕ್ಕಿಂತ ಹೆಚ್ಚು ಮಂದಿ ಬಂದು ಅನ್ನ ಸಾಲದಾದರೆ ನೆರೆಮನೆಯ ಒಲೆ ಹೊತ್ತುತ್ತಿತ್ತು. ಹೆಣ್ಣಿನ ತಂದೆಗೆ ಕೊರತೆಯ ಸುದ್ದಿ ಮುಟ್ಟುವ ಮೊದಲೇ ಕೊರತೆ ತೀರಿರುತ್ತಿತ್ತು. ಆ ಋಣವನ್ನು ಯಾರೂ ಬರೆದಿಡುತ್ತಿರಲಿಲ್ಲ; ನಾಳೆ ಅವರ ಚಪ್ಪರಕ್ಕೆ ಹೋಗಿ ದುಡಿಯುವುದೇ ಅದರ ತೀರುವಳಿ.

ಕಾಲ ಬದಲಾಯಿತು. ಅಂಗಳದ ಮದುವೆ ಸಭಾಭವನಕ್ಕೆ ಹೋಯಿತು. ದುಡಿಮೆ ಗುತ್ತಿಗೆಗೆ ಹೋಯಿತು. ಅನುಕೂಲವು ನಿಶ್ಚಯವಾಗಿಯೂ ಹೆಚ್ಚಿದೆ. ಆದರೆ ‘ಇದು ಯಾರ ಹೊಣೆ?’ ಎಂಬ ಪ್ರಶ್ನೆಗೆ ಉತ್ತರ ಕೊಡುವವರು ಕಡಮೆಯಾಗಿದ್ದಾರೆ. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದಲ್ಲಿ, ಮಹಡಿಯ ಮೇಲೆ ಹಾಕಿದ್ದ ಗರಿಯ ಚಪ್ಪರಕ್ಕೆ ಮುಹೂರ್ತದ ಹೊತ್ತಿನಲ್ಲಿಯೇ ಬೆಂಕಿ ತಗಲಿ, ಮದುಮಗನೂ ಸೇರಿದಂತೆ 50ಕ್ಕೂ ಹೆಚ್ಚು ಮಂದಿ ಮಡಿದರು. ನಮ್ಮ ಹಿರಿಯರ ಚಪ್ಪರವೂ ಮಡಲಿನದೇ. ಆದರೆ ಅದು ಅಂಗಳದಲ್ಲಿ ನಾಲ್ಕು ಕಡೆಗೂ ತೆರೆದಿತ್ತು, ಬಾವಿ ಹತ್ತಿರವಿತ್ತು. ಮಹಡಿಯಿಂದ ಇಳಿಯಲು ಮೆಟ್ಟಿಲಲ್ಲದೆ ಬೇರೆ ದಾರಿಯಿರದು. ಹಳೆಯ ಚಪ್ಪರವನ್ನು ಹೊಸ ಕಟ್ಟಡದ ಮೇಲೆ ಏರಿಸುವವರು ಹಳೆಯ ಎಚ್ಚರವನ್ನೂ ಜೊತೆಗೆ ಏರಿಸಬೇಕು: ಎರಡು ದಾರಿ, ತುಂಬಿದ ನೀರು, ದೀಪದ ತಂತಿಯನ್ನು ನೋಡಿಕೊಳ್ಳಲು ನಿಯಮಿಸಿದ ಒಬ್ಬ ವ್ಯಕ್ತಿ.

ಗಡಿನಾಡಿನವರಾದ ನಮಗೆ ಇನ್ನೊಂದು ವಿಘ್ನವೂ ಉಂಟು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಾದರೂ ನಮ್ಮ ಹೆಣ್ಣು ಕೊಡುವ, ತರುವ ಸಂಬಂಧಗಳು ಮಂಗಳೂರು, ಪುತ್ತೂರುಗಳ ಕಡೆಗೆ ಮೊದಲಿನಂತೆಯೇ ನಡೆದುವು. ದಿಬ್ಬಣಕ್ಕೆ ಗಡಿಯೆಂಬುದು ರಸ್ತೆಯ ಬದಿಯ ಒಂದು ಫಲಕ ಮಾತ್ರವಾಗಿತ್ತು. 2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ತಲಪಾಡಿಯ ಗಡಿ ಮುಚ್ಚಲ್ಪಟ್ಟಿತು. ಒಳದಾರಿಗಳಿಗೂ ಮಣ್ಣು ಬಿತ್ತು. ರೋಗಿಗಳಿಗೆ ದಾರಿ ಬಿಡಿಸಲು ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವೇ ಆದೇಶ ಕೊಡಬೇಕಾಯಿತೆಂದ ಮೇಲೆ ದಿಬ್ಬಣದ ಮಾತೇನು? ಮೇ ತಿಂಗಳಿನ ಕೇಂದ್ರದ ನಿಯಮದಂತೆ ಮದುವೆಗೆ 50 ಮಂದಿಗಿಂತ ಹೆಚ್ಚು ಸೇರುವಂತಿರಲಿಲ್ಲ. ನೂರಾರು ಮನೆಗಳಿಗೆ ಹೇಳಿಕೆ ಕೊಡುವ ಸಂಪ್ರದಾಯದವರಿಗೆ ಇದು ಸಣ್ಣ ಸಂಕಟವಲ್ಲ. ಆದರೂ ಬಾಂಧವ್ಯ ಕಡಿಯಲಿಲ್ಲ. ದಾರಿ ತೆರೆದ ಮೇಲೆ ಸಂಬಂಧಗಳು ಮತ್ತೆ ಮೊದಲಿನಂತೆ ಬೆಳೆದುವು.

ವಿಘ್ನವಿಲ್ಲದ ಮದುವೆ ಹಿಂದೆಯೂ ಇರಲಿಲ್ಲ, ಮುಂದೆಯೂ ಇರದು. ಒಂದೇ ಬಟ್ಟಲು, ಒಂದೇ ಮೆಟ್ಟಿಲು, ಒಂದೇ ದಾರಿಯನ್ನು ನಂಬಿದ ಮನೆಗೆ ಒಂದು ಮುತ್ತೂ ಸಾಕು. ಹತ್ತು ಮನೆಗಳನ್ನು ನಂಬಿದ ಮನೆಯನ್ನು ವಿಘ್ನವು ಸುಲಭವಾಗಿ ಕೆಡಿಸಲಾರದು. ಗಡಿಯಾಚೆ ಉಳಿದ ಕನ್ನಡಿಗರಿಗೆ ಸರಕಾರಗಳು ಕೊಡಬೇಕಾದುದು ಬಹಳವಿದೆ, ಅದನ್ನು ಕೇಳುತ್ತಲೇ ಇರೋಣ. ಆದರೆ ಸುದರಿಕೆಗೆ ಯಾವ ಸರಕಾರದ ಅಪ್ಪಣೆಯೂ ಬೇಡ. ನೆರೆಮನೆಯ ಮದುವೆಗೆ ಊಟದ ಹೊತ್ತಿಗಲ್ಲ, ಮುನ್ನಾದಿನ ಇರುಳೇ ಹೋಗುವ ವಾಡಿಕೆಯನ್ನು ನಮ್ಮ ಮಕ್ಕಳಿಗೆ ಕಲಿಸಿದರೆ, ಅಲ್ಲಿ ತರಕಾರಿ ಹೆಚ್ಚುತ್ತ ಆಡುವ ಮಾತಿನಲ್ಲಿ ನಮ್ಮ ಕನ್ನಡವೂ ಉಳಿಯುವುದೆಂದು ನಾವು ನಂಬಿದ್ದೇವೆ.