ಜಾಲಹಳ್ಳಿಯ ಪುಟ್ಟ ಲೋಲಕ

ನಮ್ಮ ಮನೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದು ಅಜ್ಜನ ಕಾಲದ ಗೋಡೆ ಗಡಿಯಾರ. ಇನ್ನೊಂದು ತಂದೆಯವರ ಮಣಿಕಟ್ಟಿನ ಎಚ್.ಎಂ.ಟಿ. ‘ಜನತಾ’. ಬಾಡಿಗೆ ಮನೆ ಬದಲಾಯಿಸಿದಾಗಲೆಲ್ಲ ಗೋಡೆ ಗಡಿಯಾರ ಮುನಿಸಿಕೊಳ್ಳುತ್ತಿತ್ತು. ಪೆಟ್ಟಿಗೆ ತುಸು ವಾಲಿದರೂ ಸದ್ದು ಕುಂಟಿ, ಕೊನೆಗೆ ನಿಂತೇ ಹೋಗುತ್ತಿತ್ತು. ತಂದೆಯವರು ಸ್ಟೂಲಿನ ಮೇಲೆ ನಿಂತು, ಅದನ್ನು ಅತ್ತಿತ್ತ ಸರಿಸುತ್ತ ಕಿವಿಗೊಟ್ಟು ಕೇಳುತ್ತಿದ್ದರು. ಅದೇ ಹೊತ್ತಿಗೆ ಅವರ ಕೈಯ ಜನತಾ, ಅಡ್ಡವಾಗಲಿ ತಲೆಕೆಳಗಾಗಲಿ, ತನ್ನ ಪಾಡಿಗೆ ನಡೆಯುತ್ತಿತ್ತು.

ಗೋಡೆ ಗಡಿಯಾರದ ಲೋಲಕವನ್ನು ಮತ್ತೆ ಮತ್ತೆ ನಡುವಿಗೆ ಎಳೆಯುವುದು ಭೂಮಿ. ದಾರಕ್ಕೆ ಕಟ್ಟಿದ ಗುಂಡಿನ ಲೆಕ್ಕ ಸುಲಭ. ಆದರೆ ಗಡಿಯಾರದ ಸರಳಿಗೂ ತೂಕವುಂಟು, ಬಿಲ್ಲೆಗೂ ಗಾತ್ರವುಂಟು. ಆ ತೂಕ ಎಲ್ಲೆಲ್ಲಿ ಹಂಚಿಹೋಗಿದೆಯೆಂಬುದನ್ನೂ ನೋಡಬೇಕು. ಈ ಸಂಯುಕ್ತ ಲೋಲಕದ ಲೆಕ್ಕವನ್ನು 1673ರ ತನ್ನ ಗ್ರಂಥದಲ್ಲಿ ಬಿಡಿಸಿಟ್ಟವನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್. 1675ರಲ್ಲಿ ಅವನೇ ಸುರುಳಿ ಸ್ಪ್ರಿಂಗಿನ ಗಡಿಯಾರವನ್ನು ಪ್ರಕಟಪಡಿಸಿದಾಗ, ಆ ಉಪಾಯ ಮೊದಲು ತನಗೆ ಹೊಳೆದದ್ದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ ಜಗಳ ತೆಗೆದ. ವಿಜ್ಞಾನಿಗಳೂ ನಮ್ಮಂತೆಯೇ!

ಉಪಾಯವೇನೋ ಜಗಳಕ್ಕೆ ತಕ್ಕದ್ದೇ. ಪುಟ್ಟ ಚಕ್ರವೊಂದು ಅತ್ತಿತ್ತ ತಿರುಗುತ್ತದೆ. ಕೂದಲೆಳೆಯಂಥ ಸುರುಳಿ ಅದನ್ನು ಹಿಂದಕ್ಕೆ ಸೆಳೆಯುತ್ತದೆ. ಇದು ತಿರುಚು ಲೋಲಕ. ಸೆಳೆತಕ್ಕೆ ಭೂಮಿಯನ್ನು ಕೇಳಬೇಕಾಗಿಲ್ಲ, ಸುರುಳಿಯೇ ಸಾಕು. ಚಕ್ರದ ತೂಕ ಸುತ್ತಲೂ ಸಮನಾಗಿರಬೇಕು, ಅಷ್ಟೆ. ಚಕ್ರ ಭಾರವಾದರೆ ಗಡಿಯಾರ ನಿಧಾನ, ಸುರುಳಿ ಬಿಗಿಯಾದರೆ ವೇಗ.

ಈ ಲೋಲಕವನ್ನು ನಮ್ಮವರ ಮಣಿಕಟ್ಟಿಗೆ ತಂದದ್ದು ಪೀಣ್ಯದ ನೆರೆಯ ಜಾಲಹಳ್ಳಿ. ಯಂತ್ರಗಳನ್ನು ಹುಟ್ಟಿಸುವ ಯಂತ್ರಗಳಿಗಾಗಿ 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರಕ್ಕೆ ಕೈ ಹಾಕಿತು. ಮೊದಲ ತಂಡದ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪಂಡಿತ ನೆಹರೂ. ಜನತಾದ ಚಕ್ರ ಗಂಟೆಗೆ 18,000 ಬಾರಿ ಹೊರಳುತ್ತದೆ. ದಿನಕ್ಕೆ 4,32,000 ಬಾರಿ. ಸುರುಳಿಯ ಬಿಗಿ ನೂರಕ್ಕೆ ಒಂದು ಪಾಲು ಏರಿದರೆ ದಿನಕ್ಕೆ ಏಳು ನಿಮಿಷ ಮುಂದೆ ಓಡುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹುಡುಗನಾಗಿದ್ದಾಗ ಒಂದು ರಾತ್ರಿ ಜನತಾವನ್ನು ಬಿಚ್ಚಿಟ್ಟ ರೇಡಿಯೋ ಸ್ಪೀಕರಿನ ಮೇಲಿಟ್ಟೆ. ಮರುದಿನ ತಂದೆಯವರು ಕಚೇರಿಗೆ ಅರ್ಧ ಗಂಟೆ ಮುಂಚೆ ಹೋಗಿ, ಬೀಗ ಹಾಕಿದ ಬಾಗಿಲೆದುರು ನಿಂತರು. ನಮ್ಮ ಬೀದಿಯ ರಿಪೇರಿಯವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, “ಅಯಸ್ಕಾಂತ ತಗಲಿದೆ ಸ್ವಾಮಿ, ಸುರುಳಿ ಒಂದಕ್ಕೊಂದು ಅಂಟಿಕೊಂಡು ಮೋಟಾಗಿದೆ” ಎಂದರು. ಮೋಟಾದ ಸುರುಳಿ ಬಿಗಿ, ಬಿಗಿಯಾದರೆ ಓಟ. ತಂದೆಯವರು ನನ್ನನ್ನು ನೋಡಿದರು, ಏನೂ ಹೇಳಲಿಲ್ಲ.

ಮುಂದೆ ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಸ್ ಹರಳು ಬಂತು. 1984ರಲ್ಲಿ ಹುಟ್ಟಿದ ಟೈಟಾನ್, ಎಲೆಕ್ಟ್ರಾನಿಕ್ ಸಿಟಿಯಾಚೆಯ ಹೊಸೂರಿನಿಂದ ಅದನ್ನೇ ಮನೆಮನೆಗೆ ತಲುಪಿಸಿತು. ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಜಾಲಹಳ್ಳಿಯಲ್ಲಿ ಈಗ ಅದರ ವಸ್ತುಸಂಗ್ರಹಾಲಯವಿದೆ.

ಜನತಾ ಈಗ ನನ್ನ ಕೈಯಲ್ಲಿದೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಹಿಂಬದಿ ತೆಗೆಸಿ, ಪುಟ್ಟ ಕಡ್ಡಿಯೊಂದನ್ನು ಎಳ್ಳಷ್ಟು ಸರಿಸಿದರೆ ಸರಿಹೋಗುತ್ತದೆ. ರಿಪೇರಿಯವರು ಕೂರುತ್ತಿದ್ದ ಜಾಗದಲ್ಲಿ ಮೊಬೈಲ್ ಕವರುಗಳನ್ನು ತೂಗುಹಾಕಿದ್ದಾರೆ. ದಿನಾ ಬೆಳಿಗ್ಗೆ ಕೀ ಕೊಡುವಾಗ ಎರಡು ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳುತ್ತೇನೆ.