ಟ್ರ್ಯಾಕ್ಟರಿನ ಬ್ಯಾಟರಿ, ಊರಿನ ಕಿವಿ

ಮುಂಡರಗಿ ತಾಲೂಕಿನ ಹಮ್ಮಿಗಿಯಂಥ ಹೊಳೆದಂಡೆಯ ಊರುಗಳಲ್ಲಿ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಸೀಟಿನ ಹಿಂದೆ ಬಿಗಿದ ಪೆಟ್ಟಿಗೆಗಳ ಸದ್ದಿಗೆ ಕಿಟಕಿಯ ಗಾಜು ಅದುರುತ್ತದೆ. ಈ ಸದ್ದಿಗೂ ಒಂದು ಚರಿತ್ರೆಯಿದೆ. ಅದನ್ನು ಬ್ಯಾಟರಿಯಿಂದಲೇ ಓದಲು ಶುರುಮಾಡಬೇಕು.

ಅಮೆರಿಕದ ಗಾಲ್ವಿನ್ ಸೋದರರು 1930ರಲ್ಲಿ ಮೋಟೊರೋಲಾ ಎಂಬ ಕಾರ್ ರೇಡಿಯೊ ತಂದಾಗ ಕಾರುಗಳಲ್ಲಿ ಹೆಚ್ಚಾಗಿ 6 ವೋಲ್ಟಿನ ಬ್ಯಾಟರಿ ಇರುತ್ತಿತ್ತು. 1950ರ ದಶಕದಲ್ಲಿ 12 ವೋಲ್ಟ್ ರೂಢಿಗೆ ಬಂತು. 1960ರ ದಶಕದಲ್ಲಿ ಡೈನಮೊ ಜಾಗಕ್ಕೆ ಆಲ್ಟರ್ನೇಟರ್ ಬರತೊಡಗಿತು. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೊ ಕೊಡುವ ಕರೆಂಟು ಅತ್ಯಲ್ಪ. ಆಲ್ಟರ್ನೇಟರ್ ಆಗಲೂ ಒಂದಿಷ್ಟು ಕೊಡುತ್ತದೆ. ಆಮೆಯಂತೆ ಸಾಗುವ ಮೆರವಣಿಗೆಗೆ ಬೇಕಾದದ್ದೇ ಇದು.

ನಮ್ಮ ಹಳ್ಳಿಗಳಿಗೆ ಮೈಕು ಬಂದ ದಾರಿ ಬೇರೆ. ಕರೆಂಟಿಲ್ಲದ ಊರುಗಳಲ್ಲಿ ಆಂಪ್ಲಿಫೈಯರ್ ಬ್ಯಾಟರಿಯ ಮೇಲೆಯೇ ನಡೆಯಬೇಕಿತ್ತು. ಜಾತ್ರೆ, ದೊಡ್ಡಾಟ, ಚುನಾವಣೆಯ ಪ್ರಚಾರ ಎಲ್ಲಕ್ಕೂ ಅದೇ ತಗಡಿನ ಕಹಳೆ. ಮಾತಿನ ದನಿಯನ್ನು ಕಹಳೆ ಬಲು ದಕ್ಷತೆಯಿಂದ ಗಾಳಿಗೆ ದಾಟಿಸುತ್ತದೆ. ಹೀಗಾಗಿ 30 ವ್ಯಾಟ್ ಸಾಕಿತ್ತು. ಲೆಕ್ಕ ಹಾಕಿದರೆ ಎರಡೂವರೆ ಆಂಪಿಯರ್. ಸೋರಿಕೆ ಸೇರಿಸಿದರೂ ನಾಲ್ಕೈದು. ಒಂದು ಬ್ಯಾಟರಿಯಲ್ಲಿ ಇಡೀ ರಾತ್ರಿಯ ಆಟ ಮುಗಿಯುತ್ತಿತ್ತು.

ಈಗ ಬೇಕಾಗಿರುವುದು ಮಾತಲ್ಲ, ಎದೆಗೆ ಗುದ್ದುವ ಬೇಸ್. ಅದಕ್ಕೆ ದೊಡ್ಡ ಕೋನ್, ಸಾವಿರಗಟ್ಟಲೆ ವ್ಯಾಟ್. 2000 ವ್ಯಾಟನ್ನು 12 ವೋಲ್ಟಿನಿಂದ ಎಳೆದರೆ 166 ಆಂಪಿಯರ್ ದಾಟುತ್ತದೆ. ಮಾಮೂಲಿ ಟ್ರ್ಯಾಕ್ಟರಿನ ಆಲ್ಟರ್ನೇಟರಿಗೆ ಅದು ಎಟುಕುವ ಮಾತಲ್ಲ. ಪ್ರತಿ ಬಡಿತಕ್ಕೂ ಹೆಡ್‌ಲೈಟ್ ಮಂಕಾಗುವುದು ಅದಕ್ಕೇ. ಹುಡುಗರು ಇನ್ನೊಂದು ಬ್ಯಾಟರಿ ಕೂಡಿಸುತ್ತಾರೆ. ಆದರೆ ಬ್ಯಾಟರಿ ಕಣಜವಿದ್ದಂತೆ, ಬೆಳೆಯುವ ಹೊಲವಲ್ಲ. ಖರ್ಚಾದದ್ದನ್ನು ಆಲ್ಟರ್ನೇಟರೇ ತುಂಬಬೇಕು. ಬಲ್ಲ ಮೇಸ್ತ್ರಿ ಮೊದಲು ದೊಡ್ಡ ಆಲ್ಟರ್ನೇಟರ್ ಕೂಡಿಸುತ್ತಾನೆ. ಅಲ್ಲಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಚಾಸಿಗೆ ದಪ್ಪ ತಾಮ್ರದ ತಂತಿ ಎಳೆಯುತ್ತಾನೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕುತ್ತಾನೆ. ಫ್ಯೂಸಿಲ್ಲದ ತಂತಿ ಉಜ್ಜಿ ಸವೆದು ಕಬ್ಬಿಣಕ್ಕೆ ತಾಗಿದರೆ ಬೆಂಕಿಯೇ ಗತಿ.

ತಂತಿಗೆ ಫ್ಯೂಸ್ ಉಂಟು, ಕಿವಿಗೆ? ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ; ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ. ಹಬ್ಬದ ದಿನ ಇದನ್ನು ಯಾರೂ ನೆನೆಯುವುದಿಲ್ಲ.

ಹಳೆಯ ಮೈಕಿನವನಿಗೂ ಸದ್ದೇ ಕಸುಬು. ಆಟ ಶುರುವಾಗುವ ಮುನ್ನ ಅವನು ಕಂಬ ಹತ್ತಿ, ಕಟ್ಟಕಡೆಗೆ ಕುಳಿತ ಮುದುಕಿಗೂ ಮಾತು ಕೇಳಲೆಂದು ಕಹಳೆಯನ್ನು ಅತ್ತ ತಿರುಗಿಸುತ್ತಿದ್ದ. ಇಂದು ಅದೇ ಮುದುಕಿ ಟ್ರ್ಯಾಕ್ಟರ್ ಬಂತೆಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ನಾಲ್ಕು ಆಂಪಿಯರಿನಿಂದ ಇನ್ನೂರಕ್ಕೆ ಏರುವಷ್ಟರಲ್ಲಿ ನಾವು ಕಳೆದುಕೊಂಡ ಕೇಳುಗಳು ಅವಳು.